ದಪ್ಪಕ್ಷರನ ನಾಲ್ಕು ಮಾತು

ಬೋರ್ಡು ಬರೆಯುವವನು ಮಿತಭಾಷಿಯಾಗಿರಬೇಕು ಎಂಬುದು ದಪ್ಪಕ್ಷರನ ಸಿದ್ಧಾಂತ. ಆ ಸಿದ್ಧಾಂತವನ್ನು ವಿವರಿಸಲು ಅವನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತನೆಂದರೆ ನನ್ನ ಇಸ್ತ್ರಿಪೆಟ್ಟಿಗೆ ಎರಡು ಸಲ ಕಾದು ಎರಡು ಸಲ ತಣ್ಣಗಾಗುತ್ತಿತ್ತು.

"ಬೋರ್ಡಿಗೆ ನಾಲ್ಕೇ ಮಾತು ಅಣ್ಣ. ಐದನೇ ಮಾತು ಬಂತೋ, ಅಕ್ಷರ ಸಣ್ಣ ಆಗುತ್ತೆ. ಅಕ್ಷರ ಸಣ್ಣ ಆಯ್ತೋ, ಓಡೋ ಬಸ್ಸಿನಲ್ಲಿ ಕೂತೋನು ಓದಲ್ಲ. ಓದದ ಬೋರ್ಡು ಇದ್ದರೆಷ್ಟು, ಬಿಟ್ಟರೆಷ್ಟು?"

ನಮ್ಮ ಬೀದಿಗೆ ಬಸ್ಸು ಬರುವುದಿಲ್ಲ. ಎರಡು ಸೈಕಲ್ಲು ಎದುರುಬದುರಾದರೆ ಒಂದು ನನ್ನ ಅಂಗಡಿಯೊಳಗೆ ಬಂದು ದಾರಿ ಬಿಡಬೇಕು. ಆದರೂ ದಪ್ಪಕ್ಷರ ಬಸ್ಸಿಗಾಗಿಯೇ ಬರೆಯುತ್ತಿದ್ದ. ಅವನು ಬರೆದ ಅಕ್ಷರಗಳು ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿ ಕೂತ ಹಾಗೆ ಇರುತ್ತಿದ್ದವು. ಅವನೋ, ಅಂಗಿ ಹ್ಯಾಂಗರಿನಲ್ಲಿದೆಯೋ ಮೈಮೇಲಿದೆಯೋ ಎಂದು ನನಗೇ ಅನುಮಾನ ಬರುವಷ್ಟು ತೆಳ್ಳಗೆ. ದಪ್ಪಕ್ಷರ ಎಂಬ ಹೆಸರು ಬೀದಿ ಕೊಟ್ಟದ್ದು. ಅವನು ಅದನ್ನು ಬಿರುದು ಎಂದುಕೊಂಡು ಇಟ್ಟುಕೊಂಡ.

ಅವನಿಗೆ ಒಬ್ಬಳೇ ಮಗಳು, ಪುಟ್ಟಿ. ಎಂಟು ವರ್ಷ, ಮೂರನೇ ಕ್ಲಾಸು. ಅವಳ ಬುದ್ಧಿಯನ್ನು ಅಪ್ಪನಿಗೆ ಅರ್ಧ ಹಂಚಿದ್ದರೂ ಅವಳಿಗೆ ಕೊರತೆಯಾಗುತ್ತಿರಲಿಲ್ಲ. ಇದನ್ನು ನಾನು ಅವಳಪ್ಪನ ಎದುರಿಗೇ ಹೇಳಿದ್ದೇನೆ. ಅವನು ಹೆಮ್ಮೆಯಿಂದ ತಲೆಯಾಡಿಸಿದ್ದಾನೆ.

ಎರಡು ತಿಂಗಳ ಹಿಂದೆ ಒಂದು ಬೇಕರಿ ಶುರುವಾಯಿತು. ಬೋರ್ಡು ನಮ್ಮವನದೇ. ಬೇಕರಿಯವರು ಖುಷಿಗೆ ಪುಟ್ಟಿಯ ಕೈಗೆ ಒಂದು ಗೋಡಂಬಿ ಬಿಸ್ಕತ್ತು ಕೊಟ್ಟರು. ಎರಡು ತುತ್ತು ತಿನ್ನುವಷ್ಟರಲ್ಲಿ ಮಗುವಿನ ತುಟಿ ಊದಿತು, ಮೈಮೇಲೆ ಕೆಂಪು ದದ್ದು ಎದ್ದಿತು, ಎದೆಯಿಂದ ಸೀಟಿ ಹೊಡೆದ ಹಾಗೆ ಶಬ್ದ ಬಂತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಹತ್ತು ನಿಮಿಷ ತಡವಾಗಿದ್ದರೆ ಈ ಕಥೆಯನ್ನು ನಾನು ಹೇಳುತ್ತಿರಲಿಲ್ಲ.

ಗೋಡಂಬಿಯ ಅಲರ್ಜಿ ಎಂದರು ಡಾಕ್ಟರಮ್ಮ. ನಮಗೆಲ್ಲ ಅನ್ನ ಇದ್ದ ಹಾಗೆ ಇರುವ ವಸ್ತುವನ್ನು ಈ ಮಗುವಿನ ಮೈ ಶತ್ರು ಎಂದುಕೊಂಡು ಯುದ್ಧಕ್ಕೆ ನಿಲ್ಲುತ್ತದಂತೆ. ಆಪತ್ತು ಬಂದರೆ ತೊಡೆಗೆ ಒತ್ತಲು ಪೆನ್ನಿನಂಥ ಒಂದು ಸೂಜಿಮದ್ದು ಕೊಟ್ಟರು. ಅಭ್ಯಾಸಕ್ಕೆಂದು ಸೂಜಿಯಿಲ್ಲದ ಇನ್ನೊಂದು ಪೆನ್ನು ಕೊಟ್ಟರು. ಕೊನೆಗೆ ಒಂದು ಕಾಗದ ಕೊಟ್ಟರು, ಪೂರಾ ನಲವತ್ತು ಸಾಲು. "ಮಗುವಿನ ಸುತ್ತಮುತ್ತ ಇರೋರಿಗೆಲ್ಲ ಇದು ಗೊತ್ತಿರಬೇಕು. ಔಷಧಿಗಿಂತ ಇದೇ ದೊಡ್ಡದು," ಎಂದರು.

ದಪ್ಪಕ್ಷರನ ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನಾನು ಅತ್ತಿಗೆ ಎನ್ನುತ್ತೇನೆ. ಅಳತೆ ತಪ್ಪದ ಹೆಂಗಸು. ಇದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, "ರೀ, ಈ ಕಾಗದಾನ ಇಪ್ಪತ್ತು ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಟ್ಟು ಬನ್ನಿ," ಎಂದು ಹೇಳಿಹೋದಳು.

ಅಷ್ಟು ಮಾಡಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ದಪ್ಪಕ್ಷರನಿಗೆ ಜೆರಾಕ್ಸ್ ಎಂಬ ಮಾತು ಎದೆಗೆ ನಾಟಿತು.

"ಊರಿಗೆಲ್ಲ ಬೋರ್ಡು ಬರೆಯೋನು ನಾನು. ನನ್ನ ಮನೆ ವಿಷಯ ಜೆರಾಕ್ಸಲ್ಲಿ ಹೋಗಬೇಕಾ ಅಣ್ಣ? ನಾಳೆ ಜನ ಏನಂತಾರೆ?"

"ಮಗು ಚೆನ್ನಾಗಿರಲಿ ಅಂತಾರೆ," ಎಂದೆ.

ಅವನಿಗೆ ಕೇಳಿಸಲಿಲ್ಲ. ಕಾಗದವನ್ನು ನನ್ನ ಇಸ್ತ್ರಿ ಮೇಜಿನ ಮೇಲೆ ಹರಡಿ, ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು, ಒಂದೊಂದೇ ಸಾಲು ಹೊಡೆದುಹಾಕಲು ಶುರುಮಾಡಿದ. ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಓದಿ ಎಂದಿತ್ತು. ಉದ್ದವಾಯಿತು ಎಂದು ಹೊಡೆದ. ಚಾಕು, ಚಮಚ, ಪಾತ್ರೆ ಬೇರೆ ಇರಲಿ, ತೊಳೆದು ಬಳಸಿ ಎಂದಿತ್ತು. ಇದು ಅಡುಗೆಮನೆ ವಿಷಯ, ಬೀದಿಗೆ ಯಾಕೆ ಎಂದು ಹೊಡೆದ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಎಂದಿತ್ತು. "ಇದು ಯಾರಿಗೆ ಗೊತ್ತಿಲ್ಲ?" ಎಂದು ಹೊಡೆದ. ಕೊನೆಗೆ ಉಳಿದದ್ದು ಗೋಡಂಬಿ. ಅದರ ಮೇಲೆ ಪೆನ್ಸಿಲ್ಲು ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದ.

"ಗೋಡಂಬಿ ಇರಲಿ ಮಾರಾಯ. ಮುಖ್ಯ ಅದೇ ಅಲ್ವಾ?" ಎಂದೆ.

"ಅಣ್ಣ, ಇಪ್ಪತ್ತೈದು ವರ್ಷದ ಅನುಭವದ ಮೇಲೆ ಹೇಳ್ತೀನಿ. ಬೋರ್ಡಿನ ಮೇಲೆ ತಿನ್ನೋ ವಸ್ತು ಬರೆದರೆ ಜನ ಅದು ಮಾರಾಟಕ್ಕಿದೆ ಅಂತಲೇ ತಿಳ್ಕೋತಾರೆ. ಬೆಳಗ್ಗೆ ಎದ್ದರೆ ಹತ್ತು ಜನ ಬಾಗಿಲಲ್ಲಿ ನಿಂತು ಕಿಲೋ ಹೇಗೆ ಅಂತ ಕೇಳ್ತಾರೆ."

ಗೋಡಂಬಿಯೂ ಹೋಯಿತು. ಮಾರನೆಯ ದಿನ ಅವನ ಮನೆಯ ಗೇಟಿನ ಮೇಲೆ, ಹಳದಿ ತಗಡಿನಲ್ಲಿ, ಕರೆಂಟಿನ ಕಂಬಕ್ಕೆ ಹಾಕುವ ಕೆಂಪು ಬಣ್ಣದಲ್ಲಿ, ಹಾರುವ ವಿಮಾನದಿಂದಲೂ ಓದಬಹುದಾದ ಗಾತ್ರದಲ್ಲಿ ನಾಲ್ಕು ಮಾತು ನಿಂತಿದ್ದವು:

ಎಚ್ಚರಿಕೆ! ಇಲ್ಲಿ ಅಲರ್ಜಿ ಇದೆ.

ಅಕ್ಷರ ಮಾತ್ರ ಅದ್ಭುತವಾಗಿತ್ತು. ಅದನ್ನು ನಾನು ಒಪ್ಪಲೇಬೇಕು.

ಮೊದಲು ಓದಿದವರು ಹೆಡ್ ಕ್ಲರ್ಕು ಸಾಹೇಬರು. ನೌಕರಿಯಿಂದ ನಿವೃತ್ತರಾಗಿ ಆರು ವರ್ಷವಾದರೂ ಬೆಳಗಿನ ವಾಕಿಂಗಿಗೆ ಹೋಗುವಾಗಲೂ ಫೈಲು ಹಿಡಿದವರ ಹಾಗೆ ಕೈ ಮಡಚಿಕೊಂಡು ನಡೆಯುತ್ತಾರೆ. ಬೋರ್ಡನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು. ಕರವಸ್ತ್ರ ಮೂಗಿಗೆ ಹಿಡಿದು ರಸ್ತೆ ದಾಟಿ ನನ್ನ ಕಡೆಗೆ ಬಂದರು.

"ಏನಯ್ಯ, ಇದು ಯಾವಾಗಿನಿಂದ?"

"ಎರಡು ತಿಂಗಳಾಯ್ತು ಸಾರ್."

"ಎರಡು ತಿಂಗಳು! ನಾನು ಅದೇ ಗೇಟಿನ ಮುಂದೆ ದಿನಾ ಉಸಿರಾಡ್ತಾ ಇದೀನಿ!"

ಅಷ್ಟರಲ್ಲಿ ಮಹಡಿಮನೆ ಅಕ್ಕ ಬಂದಳು. ಬೀದಿಯಲ್ಲಿ ಮಹಡಿ ಇರುವುದು ಅವಳ ಮನೆಗೊಂದೇ. ಅವಳ ಮಗಳೂ ಪುಟ್ಟಿಯೂ ಒಂದೇ ಕ್ಲಾಸು, ಒಂದೇ ಬೆಂಚು. ಬರುವ ಭಾನುವಾರ ಆ ಹುಡುಗಿಯ ಹುಟ್ಟುಹಬ್ಬ. ಪುಟ್ಟಿಗೆ ಕರೆ ಬಂದಾಗಿತ್ತು. ಬಿಸ್ಕತ್ತಿನ ಆ ದಿನದ ನಂತರ ಅವಳನ್ನು ಸ್ಕೂಲು ಬಿಟ್ಟರೆ ಬೇರೆ ಎಲ್ಲಿಗೂ ಕಳಿಸಿರಲಿಲ್ಲ. ಡಾಕ್ಟರಮ್ಮನೇ "ಹೋಗಲಿ, ಎಚ್ಚರ ಇದ್ದರೆ ಸಾಕು" ಎಂದ ಮೇಲೆ ಮನೆಯವರು ಒಪ್ಪಿದ್ದರು. ಯಾವ ಲಂಗ ಹಾಕಿಕೊಳ್ಳುವುದು ಎಂದು ಪುಟ್ಟಿ ನನ್ನನ್ನೇ ಮೂರು ಸಲ ಕೇಳಿದ್ದಳು. ಮೂರು ಲಂಗಕ್ಕೂ ನಾನೇ ಇಸ್ತ್ರಿ ಮಾಡಿಕೊಟ್ಟಿದ್ದೆ.

ಮಹಡಿಮನೆ ಅಕ್ಕ ದೂರದಲ್ಲೇ ನಿಂತು, ಗೇಟಿನ ಬಳಿ ಇದ್ದ ದಪ್ಪಕ್ಷರನನ್ನು ಕೇಳಿದಳು: "ಅಣ್ಣ, ಮನೇಲಿ ಯಾರ್ ಯಾರಿಗೆ ಇದೆ ಇದು?"

ಅಲ್ಪವಿದ್ಯೆ ಮಹಾಗರ್ವಿ ಎನ್ನುತ್ತಾರೆ. ಇಂಥದ್ದು ಮನೆತನದಲ್ಲಿ ಬರುವುದುಂಟು ಎಂದು ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ದಪ್ಪಕ್ಷರ ಎದೆಯುಬ್ಬಿಸಿ ಹೇಳಿದ: "ನಮ್ಮದು ಮೂರು ತಲೆಮಾರಿನದ್ದು ಅಕ್ಕ. ನಮ್ಮಪ್ಪನಿಗೆ ಧೂಳು ಕಂಡರೆ ಸೀನು. ನನಗೂ ಬಣ್ಣಕ್ಕೆ ಬೆರೆಸೋ ಟರ್ಪೆಂಟೈನು ಮೂಸಿದರೆ ಕಣ್ಣುರಿ. ಮಗಳಿಗೆ ಜೋರಾಗಿ ಬಂದಿದೆ."

ಅಕ್ಕ ಎರಡು ಹೆಜ್ಜೆ ಹಿಂದೆ ಹೋದಳು. ಸಂಜೆಯೊಳಗೆ ಬೀದಿಯಲ್ಲಿ ಸುದ್ದಿ ಹೀಗಿತ್ತು: ಆ ಮನೆಯಲ್ಲಿ ಎಲ್ಲರಿಗೂ ಬಂದಿದೆ, ಅಜ್ಜ ಅದರಲ್ಲೇ ಹೋದದ್ದು. ಅಜ್ಜ ಹೋದದ್ದು ಎಂಬತ್ತೆಂಟನೇ ವಯಸ್ಸಿನಲ್ಲಿ, ನಿದ್ದೆಯಲ್ಲಿ. ಆದರೆ ಬೀದಿಗೆ ಇಂಥ ವಿವರಗಳಿಗೆ ಪುರುಸೊತ್ತಿರುವುದಿಲ್ಲ.

ಪಾರ್ಸೆಲ್ ತರುವವನು ಗೇಟಿನಾಚೆಯಿಂದ ಪೊಟ್ಟಣ ಎಸೆದ. ಪೊಟ್ಟಣದಲ್ಲಿ ಬಣ್ಣದ ಡಬ್ಬಿ ಇತ್ತು, ಅಂಗಳ ನೀಲಿಯಾಯಿತು. ಹಾಲಿನವನು ಉದ್ದ ಕೋಲಿನ ತುದಿಗೆ ಚೀಲ ಕಟ್ಟಿ ಗೇಟಿನ ಮೇಲಿಂದ ಇಳಿಸಿದ. ನನ್ನ ಅಂಗಡಿಗೆ ಹೆಡ್ ಕ್ಲರ್ಕು ಸಾಹೇಬರು ಹತ್ತು ಅಂಗಿ ತಂದು, "ಜೋರು ಕಾವಿನಲ್ಲಿ ಎರಡೆರಡು ಸಲ ಎಳಿ. ಅಲರ್ಜಿ ಸಾಯಬೇಕು," ಎಂದರು. ಇನ್ನೊಬ್ಬರು, "ಆ ಮನೆ ಬಟ್ಟೆ ಇದ್ದರೆ ನಮ್ಮದು ವಾಪಸ್ ಕೊಡಿ," ಎಂದರು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಟುವುದಿಲ್ಲ ಎಂದು ಬರೆದದ್ದನ್ನು ನನ್ನ ಮೇಜಿನ ಮೇಲೇ ಓದಿದ್ದೆ. ಆದರೂ ಗಿರಾಕಿಗಳ ಮುಖ ನೋಡಿ ನಾನು ಪುಟ್ಟಿಯ ಯೂನಿಫಾರಂ ಬೇರೆ ಗಂಟಿನಲ್ಲಿ ಕಟ್ಟಿಟ್ಟೆ. ಸಂಜೆ ಅವಳೇ ಬಂದಳು.

"ಇಸ್ತ್ರಿ ಮಾಮ, ನನ್ನದು ಮಾತ್ರ ಯಾಕೆ ಬೇರೆ ಇದೆ?"

"ಶೆಲ್ಫಲ್ಲಿ ಜಾಗ ಇರಲಿಲ್ಲ ಪುಟ್ಟಿ."

ಅವಳು ಶೆಲ್ಫಿನ ಕಡೆ ನೋಡಿದಳು. ಗಿರಾಕಿಗಳು ಬಟ್ಟೆ ವಾಪಸ್ ತೆಗೆದುಕೊಂಡು ಹೋಗಿದ್ದರಿಂದ ಶೆಲ್ಫು ಪೂರ್ತಿ ಖಾಲಿ ಇತ್ತು. ಅವಳು ಗಂಟು ಎತ್ತಿಕೊಂಡು ಹೋದಳು. ಐವತ್ತೆರಡು ವರ್ಷದ ಗಂಡಸು ನಾನು, ನಾಚಿಕೆಯಿಂದ ನನ್ನ ಕಿವಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಯಿತು.

ಅವತ್ತೇ ಮಹಡಿಮನೆಯಿಂದ ಹೇಳಿ ಕಳಿಸಿದರು: "ಮಗು ಪೂರ್ತಿ ಗುಣ ಆದಮೇಲೆ ಬರಲಿ. ಈ ಸಲದ ಹುಟ್ಟುಹಬ್ಬ ಬೇಡ."

ಅತ್ತಿಗೆ ಕಾರ್ಖಾನೆಯಿಂದ ಬಂದು ಬೋರ್ಡು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವಳ ಮಾತು ಇಡೀ ಬೀದಿಗೆ ಕೇಳಿಸಿತು. ನಾಲ್ಕಕ್ಕಿಂತ ಬಹಳ ಜಾಸ್ತಿ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಬೋರ್ಡು ಕಿತ್ತು ಹಾಕುತ್ತಿದ್ದರು. ದಪ್ಪಕ್ಷರನೋ, ಬೋರ್ಡಿನಿಂದ ಆದ ಹಾನಿಗೆ ಬೋರ್ಡೇ ಮದ್ದು ಎಂದು ನಂಬಿದವನು. ಬೆಳಗಾಗುವುದರೊಳಗೆ ಮೊದಲನೆಯದರ ಪಕ್ಕದಲ್ಲಿ ಎರಡನೆಯದು ಬಂತು:

ಹೆದರಬೇಡಿ! ಮುಟ್ಟಿದರೆ ಏನೂ ಆಗುವುದಿಲ್ಲ.

ಮುಟ್ಟಿದರೆ ಏನೋ ಆಗುತ್ತದೆ ಎಂದು ಅಲ್ಲಿಯವರೆಗೆ ಹೊಳೆಯದಿದ್ದವರಿಗೂ ಈಗ ಹೊಳೆಯಿತು. ಹೆಡ್ ಕ್ಲರ್ಕು ಸಾಹೇಬರು ಮೂರು ಪ್ರತಿಯಲ್ಲಿ ಅರ್ಜಿ ಬರೆದು ನಗರಸಭೆಗೆ ಕೊಟ್ಟರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಶುಕ್ರವಾರ ಬೆಳಿಗ್ಗೆ ಆರೋಗ್ಯ ಇನ್‌ಸ್ಪೆಕ್ಟರು ಜೀಪನ್ನು ಬೀದಿಯ ಬಾಯಲ್ಲೇ ನಿಲ್ಲಿಸಿ ನಡೆದು ಬಂದರು. ಹಿಂದೆ ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಹೆಗಲಿಗೆ ಹಾಕಿಕೊಂಡ ಒಬ್ಬ ಆಳು. ಇನ್‌ಸ್ಪೆಕ್ಟರು ಗೇಟಿನ ಮುಂದೆ ನಿಂತು ದಪ್ಪ ರಿಜಿಸ್ಟರು ತೆರೆದರು.

"ಕಾಯಿಲೆ ಹೆಸರು?"

"ಅಲರ್ಜಿ ಸಾರ್," ಎಂದ ದಪ್ಪಕ್ಷರ.

ಇನ್‌ಸ್ಪೆಕ್ಟರು ಬೆರಳಿಟ್ಟು ಪಟ್ಟಿ ಹುಡುಕಿದರು. "ಕಾಲರಾ ಇದೆ, ಮಲೇರಿಯಾ ಇದೆ, ಕಾಮಾಲೆ ಇದೆ. ನಿಮ್ಮದಕ್ಕೆ ಕಾಲಮ್ಮೇ ಇಲ್ವಲ್ರೀ. ಕಾಲಮ್ಮು ಇಲ್ಲದ ಕಾಯಿಲೆ ಯಾಕೆ ಇಟ್ಕೊಂಡಿದೀರಿ?"

"ತಪ್ಪಾಯ್ತು ಸಾರ್."

"ಇತರೆ ಅಂತ ಹಾಕ್ಕೋತೀನಿ. ಇತರೆಗೆ ಹೊಗೆ ಹೊಡೆಯೋದು ನಿಯಮ. ಹೊಡಿಯಪ್ಪಾ!"

"ನಿಲ್ಲಿಸಿ ಸಾರ್!" ಎಂದು ಒಂದು ಸಣ್ಣ ದನಿ ಬಂತು. ಸ್ಕೂಲಿಗೆ ಹೊರಟಿದ್ದ ಪುಟ್ಟಿ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಅಭ್ಯಾಸದ ಪೆನ್ನು. "ಸಾರ್, ಗೋಡಂಬಿ ಹೊಗೆಗೆ ಸಾಯಲ್ಲ."

ಇನ್‌ಸ್ಪೆಕ್ಟರು ಕೈಯೆತ್ತಿ ಆಳನ್ನು ತಡೆದರು. ನೋಡಲು ಬಂದಿದ್ದ ಬೀದಿಯೆಲ್ಲ ಒಂದು ಹೆಜ್ಜೆ ಮುಂದೆ ಬಂತು.

ಆ ಮಗು ಅವತ್ತು ಮಾತಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದಿರಲಿಲ್ಲ. ನಲವತ್ತು ಸಾಲೂ ಬಾಯಿಗೆ ಬರುತ್ತಿತ್ತು. ಆದರೆ ಗಿಳಿಪಾಠ ಒಪ್ಪಿಸಲಿಲ್ಲ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಹೇಳಿದಳು.

"ಇದು ಯಾರಿಗೂ ಅಂಟಲ್ಲ. ನನ್ನ ಜೊತೆ ಕೂತರೆ ಬರಲ್ಲ, ಆಟ ಆಡಿದರೆ ಬರಲ್ಲ. ನಾನು ಗೋಡಂಬಿ ತಿಂದರೆ ನನಗೆ ಮಾತ್ರ ಆಗೋದು. ನನಗೆ ಗೋಡಂಬಿ. ನಮ್ಮ ಕ್ಲಾಸಲ್ಲಿ ಒಬ್ಬನಿಗೆ ಮೊಟ್ಟೆ, ಇನ್ನೊಬ್ಬಳಿಗೆ ಬೆಕ್ಕಿನ ಕೂದಲು. ಸ್ವಲ್ಪ ತಿಂದು ಅಭ್ಯಾಸ ಮಾಡ್ಕೋ ಅಂತ ಹೇಳಬಾರದು. ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಅದನ್ನ ಓದಬೇಕು. ನಾಲಿಗೆ ಚುರುಚುರು ಅಂದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಕಾಯಬಾರದು. ಈ ಪೆನ್ನು ಹೀಗೆ ತೊಡೆಗೆ ಒತ್ತಿ ಹತ್ತು ಎಣಿಸಬೇಕು. ಆಮೇಲೆ ಆಂಬುಲೆನ್ಸ್. ಹುಷಾರಾದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಆಮೇಲೆ ಇನ್ನೊಂದು, ಅಡುಗೆಮನೇಲಿ..."

"ಒಂದ್ನಿಮಿಷ ಮರಿ," ಎಂದು ಹೆಡ್ ಕ್ಲರ್ಕು ಸಾಹೇಬರು ಕೈಯೆತ್ತಿದರು. "ಬರೀ ತಿಂದರೆ ಮಾತ್ರಾನಾ? ಈಗ ಯಾರಿಗೋ ಒಬ್ಬರಿಗೆ, ಪ್ರತಿ ಸೋಮವಾರ ಕಿವಿ ಹಿಂದೆ, ಕುತ್ತಿಗೆ ಮೇಲೆ ತುರಿಕೆ ಬಂದು ದದ್ದಾದರೆ?"

"ಭಾನುವಾರ ಅವರು ಏನು ಮಾಡ್ತಾರೆ ತಾತ?"

ಭಾನುವಾರ ಸಾಹೇಬರು ಏನು ಮಾಡುತ್ತಾರೆಂದು ಬೀದಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಸೋಮವಾರ ನನ್ನ ಕೈಗೆ ಬರುವ ಅವರ ಅಂಗಿಯ ಕಾಲರು ಆರು ವರ್ಷದಿಂದ ಕಪ್ಪಗಿರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ತಾನಾಗಿ ಕೂದಲ ಕಡೆ ಹೋಯಿತು.

ಪುಟ್ಟಿ ಅವರ ಕೂದಲನ್ನೂ ಕಿವಿಯ ಹಿಂಭಾಗವನ್ನೂ ನೋಡಿದಳು. ನಗಲಿಲ್ಲ. ಹತ್ತಿರ ಹೋಗಿ, ಆದಷ್ಟು ಮೆಲ್ಲಗೆ, "ತಾತ, ಬಣ್ಣದ್ದೂ ಇರುತ್ತೆ ಅಂತ ಡಾಕ್ಟರ್ ಹೇಳಿದ್ರು. ಒಂದು ಸಲ ತೋರಿಸಿ. ಬಿಳಿ ಕೂದಲೂ ನಿಮಗೆ ಚೆನ್ನಾಗಿರುತ್ತೆ," ಎಂದಳು.

ಮೆಲ್ಲಗೆ ಹೇಳಿದ್ದು ಬೀದಿಗೆಲ್ಲ ಕೇಳಿಸಿತು. ಇನ್‌ಸ್ಪೆಕ್ಟರು ರಿಜಿಸ್ಟರಿನಿಂದ ಮುಖ ಮುಚ್ಚಿಕೊಂಡರು. ಆಳು ಹೊಗೆಯಂತ್ರ ಕೆಳಗಿಟ್ಟು ಗೋಡೆಗೆ ತಿರುಗಿ ನಕ್ಕ. ಅರ್ಜಿ ಕೊಟ್ಟವರಿಗೇ ಅಲರ್ಜಿ ಎಂದ ಮೇಲೆ ವಿಚಾರಣೆ ಇನ್ನೇನು ನಡೆಯುತ್ತದೆ? ಇನ್‌ಸ್ಪೆಕ್ಟರು ತಮ್ಮ ಹೆಂಡತಿಯ ಸೀನಿನ ಬಗ್ಗೆ ಕೇಳಿದರು, ಆಳು ತನ್ನ ಕಣ್ಣುರಿಯ ಬಗ್ಗೆ ಕೇಳಿದ, ಹಾಲಿನವನು ಕೋಲು ಬಿಸಾಕಿ ಹತ್ತಿರ ಬಂದು ಕೇಳಿದ. ಇಡೀ ಬೀದಿ ಒಂದೊಂದು ತುರಿಕೆ ಹಿಡಿದುಕೊಂಡು ಸಾಲಾಗಿ ನಿಂತಿತು. ಆ ಗದ್ದಲದಲ್ಲಿ ಅಡುಗೆಮನೆಯ ಮಾತು ಅಲ್ಲೇ ನಿಂತುಹೋಯಿತು. ಸ್ಕೂಲಿನ ಗಂಟೆಯ ಹೊತ್ತಾಗಿತ್ತು, ಪುಟ್ಟಿ ಓಡಿದಳು. ದಪ್ಪಕ್ಷರ ಯಾರೂ ಹೇಳದೆಯೇ ಏಣಿ ತಂದು ಎರಡೂ ಬೋರ್ಡು ಇಳಿಸಿದ. ನಾನು ಒಳಗೆ ಹೋಗಿ, ಅವಳ ಉಳಿದ ಬಟ್ಟೆಯನ್ನು ಶೆಲ್ಫಿನ ನಡುಮಧ್ಯೆ ಇಟ್ಟೆ.

ಮಹಡಿಮನೆ ಅಕ್ಕ ಅವತ್ತು ಸಂಜೆ ತಾನೇ ಬಂದಳು. ಅತ್ತಿಗೆಯ ಕೈ ಹಿಡಿದುಕೊಂಡು, "ನನಗೆ ಗೊತ್ತಾಗಲಿಲ್ಲ ಕಣೇ. ಭಾನುವಾರ ಪುಟ್ಟಿ ಬರಲೇಬೇಕು. ಕೇಕು ನಾನೇ ಮಾಡ್ತೀನಿ. ಪ್ರತಿ ಪ್ಯಾಕೆಟ್ಟೂ ಓದೇ ಮಾಡ್ತೀನಿ," ಎಂದಳು. ಓದಿದಳು ಕೂಡ. ಮೈದಾ, ಸಕ್ಕರೆ, ಬೆಣ್ಣೆ, ಎಲ್ಲವನ್ನೂ ಪರೀಕ್ಷೆಗೆ ಕೂತವಳ ಹಾಗೆ ಓದಿದಳು. ಅರ್ಥವಾಗದ್ದನ್ನು ಹೆಡ್ ಕ್ಲರ್ಕು ಸಾಹೇಬರ ಹತ್ತಿರ ಓದಿಸಿದಳು. ಅವರು ಷರಾ ಬರೆದು ಸಹಿ ಹಾಕಿ ಕೊಟ್ಟರು.

ಭಾನುವಾರ ಅತ್ತಿಗೆಗೆ ಕಾರ್ಖಾನೆಯಲ್ಲಿ ಓವರ್‌ಟೈಮು. ಹೊರಡುವಾಗ ಗಂಡನ ಅಂಗಿಯ ಜೇಬಿಗೆ ನಿಜವಾದ ಪೆನ್ನನ್ನು ಸಿಕ್ಕಿಸಿ, ಗುಂಡಿ ಹಾಕಿ, "ಇವತ್ತು ಈ ಜೇಬಲ್ಲಿ ಪೆನ್ಸಿಲ್ಲೂ ಬೇಡ, ಬ್ರಷ್ಷೂ ಬೇಡ. ಇದೊಂದೇ," ಎಂದಳು. ಪುಟ್ಟಿ ಹಸಿರು ಲಂಗ ಹಾಕಿಕೊಂಡಳು. ಅಷ್ಟು ಖುಷಿಯಾಗಿದ್ದ ಮಗುವನ್ನು ನಾನು ನೋಡಿರಲಿಲ್ಲ. ಮೆಟ್ಟಿಲು ಹತ್ತುವಾಗ ಹಾಡು ಹೇಳಿಕೊಂಡೇ ಹತ್ತಿದಳು. ಕರೆ ಬೀದಿಗೆಲ್ಲ ಇತ್ತು, ಅವಳ ಹಿಂದೆ ಅವಳಪ್ಪ, ನಾನು, ಹೆಡ್ ಕ್ಲರ್ಕು ಸಾಹೇಬರು ಹತ್ತಿದೆವು.

ಕೇಕಿನಲ್ಲಿ ಗೋಡಂಬಿಯ ಸೋಂಕೂ ಇರಲಿಲ್ಲ. ಆದರೆ ಅಕ್ಕನ ಅತ್ತೆ, ಎಪ್ಪತ್ತು ದಾಟಿದ ಅಜ್ಜಿ, ದೊಡ್ಡವರಿಗೆಂದು ಬೇರೆ ಸಿಹಿ ಮಾಡಿ ಅದಕ್ಕೆ ಗೋಡಂಬಿ ಹೆಚ್ಚಿದ್ದಳು. ತಟ್ಟೆ ಬೇರೆ, ಪಾತ್ರೆ ಬೇರೆ, ಎಲ್ಲ ಬೇರೆ. ಚಾಕು ಒಂದೇ. ಸೆರಗಿಗೆ ಒರೆಸಿ ಅದರಲ್ಲೇ ಕೇಕು ಹೆಚ್ಚಿಕೊಟ್ಟಳು.

ಪುಟ್ಟಿ ಒಂದು ತುತ್ತು ತಿಂದಳು. ಎರಡನೆಯದು ಬಾಯಿಗೆ ಹೋಗಲಿಲ್ಲ. ತಟ್ಟೆ ಕೆಳಗಿಟ್ಟು, ಬಾಯಲ್ಲಿದ್ದದ್ದನ್ನು ಉಗಿದು, "ಅಪ್ಪ, ನಾಲಿಗೆ ಚುರುಚುರು ಅಂತಿದೆ. ಪೆನ್ ತೆಗಿ," ಎಂದಳು.

ಐವತ್ತಡಿ ಏಣಿಯ ಮೇಲೆ ಗಾಳಿಯಲ್ಲಿ ನಿಂತು ಬರೆಯುವಾಗ ಕೂದಲೆಳೆಯಷ್ಟೂ ಅಲ್ಲಾಡದ ಕೈ ದಪ್ಪಕ್ಷರನದು. ಈಗ ಜೇಬಿನ ಗುಂಡಿ ಬಿಚ್ಚಲು ಬರಲಿಲ್ಲ. ಮಗುವಿನ ಕತ್ತಿನ ಮೇಲೆ ಕೆಂಪು ಏಳುತ್ತಿತ್ತು. ನಾನು ಕೈಹಾಕಿ ಗುಂಡಿ ಕಿತ್ತೆ. ಹೆಡ್ ಕ್ಲರ್ಕು ಸಾಹೇಬರು ನೀರು ನೀರು ಎಂದು ಕೂಗಿದರು.

"ನೀರು ಬೇಡ. ನನ್ನ ಮಲಗಿಸಿ," ಎಂದಳು ಪುಟ್ಟಿ. ದನಿ ಗೊಗ್ಗರಾಗಿತ್ತು. "ಅಪ್ಪ, ಹೆದರ್ಕೋಬೇಡ. ಮುಚ್ಚಳ ತೆಗಿ. ತೊಡೆ ಹೊರಗಡೆ. ಬಟ್ಟೆ ಮೇಲೇ ಪರವಾಗಿಲ್ಲ. ಒತ್ತು."

ಒತ್ತಿದ. ಕಣ್ಣು ಮುಚ್ಚಲಿಲ್ಲ, ಕೈ ಸರಿಸಲಿಲ್ಲ. ನಾನು ಅವನನ್ನು ಎಷ್ಟೋ ಸಲ ಗೇಲಿ ಮಾಡಿದ್ದೇನೆ, ಆದರೆ ಆ ಹತ್ತು ಎಣಿಕೆಯ ಹೊತ್ತು ಅವನಷ್ಟು ಗಟ್ಟಿ ಮನುಷ್ಯ ಆ ಕೋಣೆಯಲ್ಲಿ ಇನ್ನೊಬ್ಬ ಇರಲಿಲ್ಲ. ಒಂದು, ಎರಡು ಎಂದು ಎಣಿಸಲು ಶುರುಮಾಡಿದ್ದು ಹುಟ್ಟುಹಬ್ಬದ ಹುಡುಗಿ. ಮಕ್ಕಳೆಲ್ಲ ಸೇರಿಕೊಂಡರು. ಸಾಹೇಬರು ಏಳರಿಂದ ಒಂಬತ್ತಕ್ಕೆ ಹಾರಿದಾಗ ಮಕ್ಕಳು ಅವರನ್ನು ತಿದ್ದಿ ಎಂಟು ಹೇಳಿಸಿದರು. ಹತ್ತು ಎನ್ನುವಷ್ಟರಲ್ಲಿ ಅಕ್ಕ ಆಂಬುಲೆನ್ಸಿನವರಿಗೆ ವಿಳಾಸ ಹೇಳಿ ಮುಗಿಸಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪುಟ್ಟಿಯನ್ನು ನೋಡಿ ಹೊರಗೆ ಬಂದರು. "ಚೆನ್ನಾಗಿದ್ದಾಳೆ. ಇವತ್ತು ಇಲ್ಲೇ ಇರಲಿ, ನೋಡ್ತಾ ಇರ್ತೀವಿ. ಪೆನ್ನು ಯಾರು ಒತ್ತಿದ್ದು?"

ದಪ್ಪಕ್ಷರ ಬೈಗುಳಕ್ಕೆ ತಯಾರಾದವನ ಹಾಗೆ ಕೈಯೆತ್ತಿದ.

"ಎಷ್ಟೋ ಓದಿದವರು ಹೆದರಿ ತಡ ಮಾಡ್ತಾರೆ. ನೀವು ಮಾಡಲಿಲ್ಲ. ನಿಮ್ಮಿಂದ ಉಳಿದಳು," ಎಂದರು ಡಾಕ್ಟರಮ್ಮ.

ಅವನು ಅಳಲು ಶುರುಮಾಡಿದ. "ಇಲ್ಲ ಡಾಕ್ಟ್ರೇ, ನನ್ನಿಂದಲೇ ಆಗಿದ್ದು. ಚಾಕಿನ ಸಾಲು ನಿಮ್ಮ ಕಾಗದದಲ್ಲಿತ್ತು. ಅಡುಗೆಮನೆ ವಿಷಯ ಬೀದಿಗೆ ಯಾಕೆ ಅಂತ ನಾನೇ ಹೊಡೆದು ಹಾಕಿದೆ." ಕಾರ್ಖಾನೆಯಿಂದ ನೇರವಾಗಿ ಓಡಿಬಂದಿದ್ದ ಅತ್ತಿಗೆ ಬಯ್ಯಲಿಲ್ಲ. ಅವನ ಬೆನ್ನು ಸವರಿದಳು, ತಾನೂ ಅತ್ತಳು. ನಾನೂ ಅತ್ತೆ.

ಬೀದಿ ಅರ್ಧ ಅಲ್ಲೇ ಇತ್ತು. ನರ್ಸು ಹತ್ತು ಸಲ ಹೊರಗೆ ಹೋಗಿ ಎಂದಳು, ಹನ್ನೊಂದನೇ ಸಲ ಬಿಟ್ಟುಬಿಟ್ಟಳು. ಮಹಡಿಮನೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಮಗುವಿನ ಮುಖ ನೋಡುವ ಧೈರ್ಯವಿಲ್ಲದೆ. ಪುಟ್ಟಿಯೇ ಅವಳನ್ನು ನೋಡಿದಳು. ಮುಖದ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಹುಡುಗಿ ಆಗ ಅತ್ತಳು.

"ಆಂಟಿ, ಹುಟ್ಟುಹಬ್ಬ ಹಾಳಾಯ್ತಾ? ಮುಂದಿನ ವರ್ಷ ನನ್ನ ಕರೆಯಲ್ವಾ?"

ಅಕ್ಕನನ್ನು ಸರಿಸಿಕೊಂಡು ಅಜ್ಜಿ ಒಳಗೆ ಬಂದಳು. ಬಂದವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಮಗುವಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಕರೆಯೋದೇನೇ ತಾಯಿ, ನಾನೇ ಬಂದು ಎತ್ಕೊಂಡು ಹೋಗ್ತೀನಿ. ಮುಂದಿನ ವರ್ಷದ ತನಕ ಯಾಕೆ ಕಾಯಬೇಕು? ಅರವತ್ತು ವರ್ಷ ಅಡುಗೆ ಮಾಡಿದೀನಿ, ಒಂದು ಚಾಕು ತೊಳೆಯೋದು ಗೊತ್ತಿರಲಿಲ್ಲ ನನಗೆ. ನೀನೇ ನಮ್ಮ ಅಡುಗೆಮನೆಗೆ ಬಂದು ನನಗೆ ಪಾಠ ಹೇಳಿಕೊಡು. ಮೊದಲಿಂದ ಹೇಳಿಕೊಡು. ಯಾವಾಗ ಬರ್ತೀಯ?"

ಪುಟ್ಟಿ ಕಣ್ಣೊರೆಸಿಕೊಂಡಳು.

"ನಾಳೆ ಸ್ಕೂಲಿದೆ ಅಜ್ಜಿ. ಡಾಕ್ಟರ್ ಬಿಟ್ಟರೆ ಸಂಜೆ ಬರ್ತೀನಿ," ಎಂದಳು. "ನೋಟ್‌ಬುಕ್ ಇಟ್ಕೊಂಡಿರಿ."